ಬಾಗಿಲ ಹೊರಗಿನ ಕುರ್ಚಿ

ಕಿತ್ತಳೆ ಬಣ್ಣದ ಕಣ್ಣೀರು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ, ಅದೂ ನನ್ನದೇ. ಟಿಬಿಗೆ ಕೊಡುವ ಗುಳಿಗೆಗಳಲ್ಲಿ ಒಂದು ಅಂಥದ್ದಿದೆ. ಅದನ್ನು ನುಂಗಿದರೆ ಮೂತ್ರ, ಬೆವರು, ಕಣ್ಣೀರು ಎಲ್ಲಾ ಕೇಸರಿ. ಮೊದಲ ವಾರ ಹೊಟ್ಟೆ ತುಂಬ ಅತ್ತು, ಕಣ್ಣು ಮೂಗು ಒರೆಸಿಕೊಂಡ ಬಿಳಿ ಕರವಸ್ತ್ರವನ್ನು ಒಗೆಯುವ ಬುಟ್ಟಿಗೆ ಹಾಕಿ ಬಾಗಿಲ ಹೊರಗಿಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಮುಚ್ಚಿದ ಬಾಗಿಲಿನಾಚೆಯಿಂದ ಅವ್ವನ ದನಿ ಬಂತು. "ರಕ್ತ ಕಾರಾಕತ್ತೀಯೇನವಾ?"

"ಇಲ್ಲವಾ, ಅತ್ತೇನಿ."

"ಅತ್ತರ ಹಿಂಗ ಆಗತೈತೇನು? ಯಾರಿಗೆ ಹೇಳತಿ?"

ಗುಳಿಗೆಯ ಕಥೆ ಹೇಳಿದೆ. ಆಮೇಲೆ, "ಹಂಗಾರ ಅಳೂದಿದ್ದರ ಕೆಂಪು ಸೀರಿ ಸೆರಗಿಲೆ ಒರಸ್ಕೋ, ಬಿಳಿ ಅರಬಿ ಕೆಡಸಬ್ಯಾಡ" ಅಂದಳು. ನನಗೆ ನಗು ತಡೆಯಲಿಲ್ಲ. ನಕ್ಕರೆ ಕೆಮ್ಮು ಬರುತ್ತಿತ್ತು, ಆದರೂ ನಕ್ಕೆ. ಆ ಮನೆಯಲ್ಲಿ ಈ ರೋಗವನ್ನು ಇಟ್ಟುಕೊಂಡು ನಾವು ಮೊದಲ ಸಲ ನಕ್ಕಿದ್ದು ಅವತ್ತು.

ಈಗ ಚಿಕಿತ್ಸೆ ಮುಗಿದಿದೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಮಗಳ ಹಿಂದೆ ಓಡಿದರೆ ಉಸಿರು ಸಾಲುತ್ತದೆ. ಆದರೂ ಕೂತು ಬರೆಯುತ್ತಿದ್ದೇನೆ. ಟೆಕ್ಸಾಸಿನ ನಮ್ಮ ಮಂದಿ ಶುಗರ್ ಬಗ್ಗೆ ಮಾತಾಡುತ್ತಾರೆ, ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡಿದ್ದನ್ನು ಮನೆ ಕೊಂಡಷ್ಟೇ ಹೆಮ್ಮೆಯಿಂದ ಹೇಳುತ್ತಾರೆ, ಈ ರೋಗದ ಹೆಸರು ಬಂದರೆ ಮಾತ್ರ ಮಾತು ಮಳೆ ಬಿಸಿಲಿನ ಕಡೆ ತಿರುಗುತ್ತದೆ. ನನಗೆ ಬಂದಾಗ ಇಡೀ ಹೂಸ್ಟನ್ನಿನಲ್ಲಿ ನಾನೊಬ್ಬಳೇ ಇರಬೇಕು ಅಂದುಕೊಂಡಿದ್ದೆ. ಹಾಗೇನೂ ಇಲ್ಲ ಅಂತ ನರ್ಸಮ್ಮ ಹೇಳಿದ ಮೇಲೆಯೇ ಅರ್ಧ ಜ್ವರ ಇಳಿದಿದ್ದು. ಓದುವವರಲ್ಲಿ ಯಾರಾದರೂ ಮುಚ್ಚಿದ ಬಾಗಿಲಿನ ಹಿಂದೆ ಕೂತಿದ್ದರೆ, ಅವರಿಗೆ ಇದು.

ನನ್ನ ಹೆಸರು ಪ್ರಮೀಳಾ. ಹುಟ್ಟಿ ಬೆಳೆದದ್ದು ಬೆಟಗೇರಿಯ ಒಂದು ಕ್ರೈಸ್ತ ಮನೆಯಲ್ಲಿ. ಗಂಡ ಜಯಂತ, ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಟೆಲಿಕಾಂ ಕಂಪನಿಯ ಕೆಲಸದಲ್ಲಿದ್ದ. ಅಲ್ಲಿ ನಮ್ಮದೊಂದು ಪುಟ್ಟ ಕನ್ನಡ ಪ್ರಾರ್ಥನಾ ಕೂಟವಿದೆ. ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿಯಲ್ಲಿ ಶಾಲೆ ನಡೆಸುವ ಮಿಷನ್ನಿಗೆ ಜನ ಬೇಕು ಅಂತ ಒಂದು ಭಾನುವಾರ ಕೂಟದಲ್ಲಿ ಓದಿ ಹೇಳಿದರು. ಎಲ್ಲರೂ ಅದಕ್ಕಾಗಿ ಪ್ರಾರ್ಥಿಸಿದರು. ಜಯಂತ ಮಾತ್ರ ಮನೆಗೆ ಬಂದು, "ನಾವs ಹೋದರ ಹೆಂಗ?" ಅಂದ. ನನ್ನ ಬಾಯಿಂದಲೂ ಬರಬೇಕೋ ಬೇಡವೋ ಅಂತ ನಿಂತಿದ್ದ ಮಾತು ಅದು. ಮುಂದಿನ ಬೇಸಿಗೆಗೆ ಮನೆ ಖಾಲಿ ಮಾಡಿ ಹೊರಟೆವು. ಅಲ್ಲಿ ಅವನು ಹುಡುಗರಿಗೆ ಸೋಲಾರ್ ಪಂಪ್ ರಿಪೇರಿ ಕಲಿಸುತ್ತಾನೆ, ನಾನು ಸಣ್ಣ ಮಕ್ಕಳಿಗೆ ಪಾಠ ಹೇಳುತ್ತೇನೆ. ಮಗಳು ಲಿಡಿಯಾ ಆಗ ಐದನೇ ಕ್ಲಾಸು.

ಸೇವೆ ಅಂದರೆ ದೊಡ್ಡ ದೊಡ್ಡ ಕೆಲಸ ಅಂದುಕೊಂಡು ಹೋದವಳಿಗೆ ಮೊದಲ ತಿಂಗಳುಗಳು ನೀರು ತರುವುದರಲ್ಲಿ, ಇದ್ದಿಲ ಒಲೆ ಹೊತ್ತಿಸುವುದರಲ್ಲಿ ಮತ್ತು ನಮಸ್ಕಾರ ಹೇಳುವುದರಲ್ಲಿ ಕಳೆದವು. ನಮಸ್ಕಾರ ಅಂದರೆ ಸಣ್ಣದಲ್ಲ. ಅಂಗಡಿಗೆ ಹೋಗಿ ನೇರವಾಗಿ ಈರುಳ್ಳಿ ಕೇಳಿದರೆ ಅಂಗಡಿಯವಳ ಮುಖ ಗಂಟಿಕ್ಕುತ್ತಿತ್ತು. ಹೇಗಿದ್ದೀರಿ ಅನ್ನಬೇಕು, ಅವಳು ಚೆನ್ನಾಗಿದ್ದೇನೆ ನೀವು ಹೇಗಿದ್ದೀರಿ ಅನ್ನಬೇಕು, ಮನೆಯವರೆಲ್ಲ ಎದ್ದಿದ್ದು ಹೇಗೆ ಅಂತ ವಿಚಾರಿಸಬೇಕು, ಆಮೇಲೆ ಈರುಳ್ಳಿ. ಇದನ್ನೆಲ್ಲ ನನಗೆ ಕಲಿಸಿದ್ದು ಪಕ್ಕದ ಮನೆಯ ಎಸ್ನಾತಿ. ಅಲ್ಲಿ ಮದುವೆಯಾದ ಹೆಂಗಸರನ್ನು ಮಾಯಿ ಅಂತ ಕರೆಯುತ್ತಾರೆ, ನಮ್ಮಲ್ಲಿ ತಾಯಿ ಅನ್ನುವ ಹಾಗೆ. ಮಾಯಿ ಎಸ್ನಾತಿಯ ಅಂಗಳದಲ್ಲಿ ಕೂತು ನಾನು ಅಲ್ಲಿಯ ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋದೆ. ಹಿಟ್ಟು ಅಂಟಿಕೊಂಡು ಕೈಯಲ್ಲೇ ಉಳಿಯಿತು. ಅವಳು ನಕ್ಕು ನಕ್ಕು ನೆಲಕ್ಕೆ ಕೂತು, ಅದೇ ಹಿಟ್ಟಿನಲ್ಲಿ ಮುದ್ದೆಯಂಥ ಎನ್ಸೀಮಾ ಮಾಡಿ ಇಟ್ಟಳು. ಆರನೇ ತಿಂಗಳಿಗೆ ನನಗೂ ರೊಟ್ಟಿ ಬಂತು, ಅವಳಿಗೂ ಶೇಂಗಾ ಚಟ್ನಿ ಹಿಡಿಸಿತು. ಲಿಡಿಯಾಗಂತೂ ಹೇಳುವುದೇ ಬೇಡ. ಟೆಕ್ಸಾಸಿನಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವಳು, ಅಲ್ಲಿ ಅವರ ಚಿಚೇವಾ ಭಾಷೆಯಲ್ಲಿ ಕೊಡತೊಡಗಿದಳು. ಕನ್ನಡದಲ್ಲಿ ಮಾತ್ರ ಎಲ್ಲೂ ಇಲ್ಲ.

ಇನ್ನೊಂದು ಪದ್ಧತಿ ಹೇಳಲೇಬೇಕು. ಮಾಯಿ ಎಸ್ನಾತಿಯ ಗಂಡನಿಗೆ ಹರ್ನಿಯಾ ಆಪರೇಷನ್ ಆದಾಗ ಅವಳು ಚಾಪೆ, ಪಾತ್ರೆ, ಹಿಟ್ಟು, ಇದ್ದಿಲು ಎಲ್ಲ ಗಂಟು ಕಟ್ಟಿಕೊಂಡು ಜಿಲ್ಲಾಸ್ಪತ್ರೆಗೆ ಹೊರಟಳು. ಆಸ್ಪತ್ರೆಯ ಹಿಂದೆ ಒಂದು ದೊಡ್ಡ ಚಪ್ಪರವಿದೆ. ರೋಗಿಗಳ ಜೊತೆ ಬಂದವರೆಲ್ಲ ಅಲ್ಲೇ ಅಡುಗೆ ಮಾಡಿ, ಅಲ್ಲೇ ಬಟ್ಟೆ ಒಗೆದು, ಅಲ್ಲೇ ಮಲಗುತ್ತಾರೆ. ಹಾಗೆ ಬಂದವರಿಗೆ ಗಾರ್ಡಿಯನ್ ಅನ್ನುತ್ತಾರೆ. ನರ್ಸು ಮೊದಲು ರೋಗಿಯ ಹೆಸರು ಕೇಳುತ್ತಾಳೆ, ಎರಡನೆಯದು ಗಾರ್ಡಿಯನ್ ಯಾರು ಅಂತ. ಗಾರ್ಡಿಯನ್ ಇಲ್ಲದ ರೋಗಿ ಅಂದರೆ ಊರೇ ಬಿಟ್ಟುಬಿಟ್ಟ ಮನುಷ್ಯ ಅಂತ ಲೆಕ್ಕ. ನಾನು ಊಟ ಕೊಡಲು ಹೋದವಳು ಆ ಚಪ್ಪರದಲ್ಲಿ ಒಂದು ಮಧ್ಯಾಹ್ನ ಕೂತು ಸೊಪ್ಪು ಸೋಸಿಕೊಟ್ಟು ಬಂದೆ.

ನನ್ನ ಕೆಮ್ಮು ಶುರುವಾಗಿದ್ದು ಅಲ್ಲಿಯ ಚಳಿಗಾಲದಲ್ಲಿ. ಧೂಳು ಅಂದೆವು, ಇದ್ದಿಲ ಹೊಗೆ ಅಂದೆವು. ಸಂಜೆಯಾದರೆ ಸಣ್ಣ ಜ್ವರ, ಬೆಳಗ್ಗೆ ಎದ್ದರೆ ದಿಂಬು ಒದ್ದೆ. ಮಲೇರಿಯಾ ಇಲ್ಲ ಅಂತ ಬಂತು. ಜಿಲ್ಲಾಸ್ಪತ್ರೆಗೆ ಹೋಗಿ ಕಫ ತೋರಿಸು ಅಂತ ಕ್ಲಿನಿಕ್ಕಿನವರು ಹೇಳುವಷ್ಟರಲ್ಲಿ, ಕೂಟದವರಿಗೆ ವರದಿ ಒಪ್ಪಿಸಲು ನಾವು ಟೆಕ್ಸಾಸಿಗೆ ಹೋಗುವ ದಿನ ಹತ್ತಿರ ಬಂದಿತ್ತು. ಅಲ್ಲೇ ತೋರಿಸಿದರಾಯಿತು ಅಂತ ವಿಮಾನ ಹತ್ತಿದೆವು.

ಇಳಿದದ್ದು ಹೂಸ್ಟನ್ನಿನ ಮಿಸೌರಿ ಸಿಟಿಯಲ್ಲಿರುವ ನನ್ನ ತಮ್ಮನ ಮನೆಯಲ್ಲಿ. ತಮ್ಮನದು ತೈಲ ಬಾವಿಗಳ ಕೆಲಸ, ತಿಂಗಳುಗಟ್ಟಲೆ ಪಶ್ಚಿಮ ಟೆಕ್ಸಾಸಿನಲ್ಲೇ ಇರುತ್ತಾನೆ. ಮನೆಯಲ್ಲಿ ಅವ್ವ ಒಬ್ಬಳೇ. ಬಾಗಿಲು ತೆಗೆದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನವಾ ಇದು, ಅರ್ಧಾ ಅಲ್ಲೇ ಬಿಟ್ಟು ಬಂದಿಯೇನು?" ಅಂದಳು.

ಕ್ಲಿನಿಕ್ಕಿನ ವೇಟಿಂಗ್ ರೂಮಿನಲ್ಲಿ ನನ್ನ ಎರಡೂ ಪಕ್ಕ ಜನ ಕೂತಿದ್ದರು. ಕೌಂಟರಿನ ಹುಡುಗಿ ಎಲ್ಲಿಂದ ಬಂದಿರಿ ಅಂತ ಕೇಳಿದಳು, ಮಲಾವಿ ಅಂದೆ, ಕೆಮ್ಮಿದೆ. ಅವಳು ಮಾಸ್ಕ್ ಕೊಟ್ಟು ಒಳಗೆ ಕರೆದೊಯ್ಯುವಷ್ಟರಲ್ಲಿ ನನ್ನ ಸಾಲಿನ ಕುರ್ಚಿಗಳೆಲ್ಲ ಖಾಲಿಯಾಗಿದ್ದವು. ಎಕ್ಸ್‌ರೇ ಆಯಿತು, ಅಲ್ಲಿಂದ ಆಸ್ಪತ್ರೆಗೆ ಕಳಿಸಿದರು, ಕಫದ ಪರೀಕ್ಷೆ ಆಯಿತು. ಡಾಕ್ಟರು ಬಂದು ಕುರ್ಚಿ ಎಳೆದುಕೊಂಡು ಕೂತರು. ಡಾಕ್ಟರು ನಿಂತುಕೊಂಡೇ ಮಾತಾಡಿದರೆ ಮನೆಗೆ ಹೋಗಬಹುದು, ಕೂತರೆ ಸುದ್ದಿ ಸುಮಾರಿದೆ ಅಂತ ತಿಳಿಯಬೇಕು. ಶ್ವಾಸಕೋಶದ ಟಿಬಿ, ಗುಳಿಗೆಗೆ ಬಗ್ಗುವ ಜಾತಿಯದು, ಪೂರ್ತಿ ವಾಸಿಯಾಗುತ್ತದೆ ಅಂದರು. ಪೂರ್ತಿ ವಾಸಿ ಅನ್ನುವುದು ನನ್ನ ಕಿವಿಗೆ ಬಿದ್ದಿದ್ದು ಮರುದಿನ. ಅವತ್ತು ಕೇಳಿದ್ದು ಮೊದಲನೆಯ ಮಾತು ಮಾತ್ರ.

ಆಸ್ಪತ್ರೆಯಿಂದ ಮನೆಗೆ ಕಳಿಸಿದರು, ಆದರೆ ಕಫದಲ್ಲಿ ರೋಗಾಣು ಕಾಣುವುದು ನಿಲ್ಲುವ ತನಕ ಒಂದೇ ಕೋಣೆಯಲ್ಲಿರಬೇಕು. ಹಿತ್ತಲಿಗೆ ಬಾಗಿಲಿದ್ದ ಕೆಳಗಿನ ಕೋಣೆ ನನ್ನದಾಯಿತು. ಕಿಟಕಿ ಸದಾ ತೆರೆದಿರಬೇಕು, ಮನೆಯೊಳಗಿನ ಬಾಗಿಲು ಮುಚ್ಚಿರಬೇಕು. ಆರೋಗ್ಯ ಇಲಾಖೆಯಿಂದ ಗ್ಲೋರಿಯಾ ಅನ್ನುವ ನರ್ಸು ಬೆಳಗ್ಗೆ ಬರುತ್ತಿದ್ದಳು. ದಪ್ಪ ದೇಹ, ಮಾಸ್ಕಿನ ಹಿಂದಿನಿಂದಲೂ ಕೇಳುವ ದೊಡ್ಡ ನಗು. ಹಿತ್ತಲಿನಲ್ಲಿ ನನ್ನನ್ನು ಕೂರಿಸಿ, ಅಂಗೈ ತುಂಬ ಗುಳಿಗೆ ಕೊಟ್ಟು, ಕೊನೆಯದು ಗಂಟಲಿಂದ ಇಳಿಯುವ ತನಕ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನುಂಗುವುದನ್ನು ನೋಡುವುದೇ ಅವಳ ಕೆಲಸ. ನಡುವೆ ಬಿಟ್ಟರೆ ರೋಗ ಮೊಂಡಾಗುತ್ತದೆಯಂತೆ. ಮೊದಲು ನನಗೆ ಅವಮಾನವಾಯಿತು, ನಾನೇನು ಕೂಸೇ ಅಂತ. ನಾಲ್ಕು ದಿನಕ್ಕೆ ಅವಳ ಕಾರಿನ ಸದ್ದಿಗೆ ಕಾಯತೊಡಗಿದೆ, ಇಡೀ ದಿನದಲ್ಲಿ ನನ್ನೆದುರು ಕೂರುತ್ತಿದ್ದ ಮುಖ ಅದೊಂದೇ.

ಅವ್ವನದು ಬೇರೆಯೇ ವ್ಯವಸ್ಥೆ. ಯಾರು ಕೇಳಿದರೂ ನ್ಯುಮೋನಿಯಾ ಅನ್ನಬೇಕು ಅಂತ ಹುಕುಂ ಹೊರಡಿಸಿದಳು. ತಟ್ಟೆ ತಂದು ಬಾಗಿಲ ಹೊರಗಿಟ್ಟು, ಎರಡು ಸಲ ತಟ್ಟಿ, ನಾನು ತೆಗೆಯುವುದರೊಳಗೆ ಹೋಗಿಬಿಡುತ್ತಿದ್ದಳು. ಅವಳ ಚಪ್ಪಲಿ ಸರಸರ ದೂರ ಹೋಗುವ ಸದ್ದು ಕೇಳಿದರೆ ನನಗೆ ತಟ್ಟೆಯಲ್ಲಿದ್ದದ್ದು ಇಳಿಯುತ್ತಿರಲಿಲ್ಲ. ಆ ಕರವಸ್ತ್ರದ ದಿನ ಬಿಟ್ಟರೆ, ಮಾತಾಡಿದರೆ ಒಂದೇ ಮಾತು. "ಆ ದೇಶಕ್ಕ ಹೋಗಬ್ಯಾಡ ಅಂತ ಬಡಕೊಂಡೆ. ಕೇಳಿದ್ರೇನು? ಕೊಟ್ಟು ಕಳಿಸ್ತು ನೋಡು ಅದು."

ಕೂಟದ ಹಿರಿಯರಾದ ಸಾಮುವೇಲ್ ಅಂಕಲ್ ಕೂಡ ರಿಚರ್ಡ್‌ಸನ್‌ನಿಂದ ಫೋನ್ ಮಾಡಿ ಅದನ್ನೇ ಮೃದುವಾಗಿ ಹೇಳಿದರು. ನಮ್ಮನ್ನು ಕಳಿಸಿದವರು ಅವರು, ತಿರುಗಿ ಕಳಿಸಬೇಕೋ ಬೇಡವೋ ಅಂತ ನಿರ್ಧರಿಸುವವರೂ ಅವರೇ. "ಪ್ರಮೀಳಾ, ನೀ ಮೊದಲು ಆರಾಮ ಆಗವಾ. ಆ ಹವಾ ನಿಮಗ ಒಗ್ಗಿದ್ದಿಲ್ಲ ಅಂತ ಕಾಣತೈತಿ. ಮುಂದಿಂದು ಕಮಿಟಿ ಕೂತು ನೋಡೋಣು." ಜಯಂತ ಆಗ ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ಹಳೆಯ ಗೆಳೆಯನ ಹತ್ತಿರ ತಾತ್ಕಾಲಿಕ ಕೆಲಸ ಹಿಡಿದಿದ್ದ, ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಆ ಗೆಳೆಯನೂ ಇಲ್ಲೇ ಇದ್ದುಬಿಡು, ಕಾಯಂ ಮಾಡುತ್ತೇನೆ ಅನ್ನುತ್ತಿದ್ದನಂತೆ. ಎಲ್ಲರೂ ನಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದರು. ನನಗೋ, ಈಗಷ್ಟೇ ಒಗ್ಗಿದ್ದ ಮಲಾವಿಯ ಆ ತಗಡಿನ ಮನೆ, ಆ ಅಂಗಳ, ಬರಲಿಕ್ಕೆ ಹತ್ತಿದ್ದ ಆ ರೊಟ್ಟಿ ಎಲ್ಲ ಕೈ ಜಾರುತ್ತಿತ್ತು. ರೋಗ ಹೋಗುತ್ತದೆ ಅಂತ ನಂಬಿಕೆಯಿತ್ತು. ನಮ್ಮ ಮನೆಯೂ ಅದರ ಜೊತೆಗೇ ಹೋಗುತ್ತದೆ ಅಂತ ಹೆದರಿಕೆ.

ಹೀಗಿರುವಾಗ ಒಂದು ಮಧ್ಯಾಹ್ನ ಮಾಯಿ ಎಸ್ನಾತಿ ವಾಟ್ಸಾಪಿನಲ್ಲಿ ಕರೆ ಮಾಡಿದಳು. ನಾನು ಒಳಗೆ, ಶಾಲೆಯಿಂದ ಬಂದ ಲಿಡಿಯಾ ಬಾಗಿಲ ಹೊರಗೆ ನೆಲದ ಮೇಲೆ, ಅವ್ವ ಅಡುಗೆಮನೆಯ ಬಾಗಿಲಲ್ಲಿ, ಫೋನು ಸ್ಪೀಕರಿನಲ್ಲಿ. ಮಾಯಿಗೆ ರೋಗದ ಹೆಸರು ಹೇಳಿದೆ. ಅಯ್ಯೋ ಪಾಪ ಅಂದಳು, ಹೆದರಲಿಲ್ಲ. ಅಲ್ಲಿ ಆ ಹೆಸರು ಎಲ್ಲರಿಗೂ ಗೊತ್ತು, ಗುಳಿಗೆ ತಿಂದು ವಾಸಿಯಾದವರು ಪ್ರತಿ ಓಣಿಯಲ್ಲೂ ಇದ್ದಾರೆ. ಮುಂದಿನ ಪ್ರಶ್ನೆ ಕೇಳಿದಳು. "ನಿನ್ನ ಗಾರ್ಡಿಯನ್ ಯಾರು?"

ಇಲ್ಲಿ ಹಾಗೆಲ್ಲ ಇಲ್ಲ, ಕೋಣೆಯಲ್ಲಿ ನಾನೊಬ್ಬಳೇ ಅಂದೆ. ಮಾಯಿ ಜೋರುದನಿಯಲ್ಲಿ ಏನೇನೋ ಹೇಳಿದಳು, ಅರ್ಧ ನನಗೆ ತಿಳಿಯಲಿಲ್ಲ.

"ಏನಂತಾಳಕಿ?" ಅಂತ ಅವ್ವ ಕೇಳಿದಳು. ಲಿಡಿಯಾ, ಯಾವತ್ತೂ ಕನ್ನಡದಲ್ಲಿ ಬಾಯಿ ಬಿಡದವಳು, ಇಂಗ್ಲಿಷಿನಲ್ಲಿ ಅವ್ವನಿಗೆ ಸರಿಯಾಗಿ ತಿಳಿಯದೇ ಹೋದೀತು ಅಂತಲೋ ಏನೋ, ಒಂದೊಂದೇ ಶಬ್ದ ಹುಡುಕಿ ಹೇಳಿದಳು. "ಅಮ್ಮಗೆ ಯಾರೂ ಇಲ್ಲೇನು ಅಂತ. ಅಲ್ಲಿ ಇದ್ದರೆ ಅವಳೇ ಬಂದು ಕೂಡ್ತಿದ್ದಳು ಅಂತ. ಅಮ್ಮಗೆ ಅವ್ವ ಇಲ್ಲೇನು ಅಂತ ಕೇಳ್ತಾಳೆ."

ಬಾಗಿಲಿನಾಚೆ ಅವ್ವನ ಮುಖ ನನಗೆ ಕಾಣಲಿಲ್ಲ. ಅವಳ ಚಪ್ಪಲಿ ಅಡುಗೆಮನೆಯೊಳಗೆ ಹೋದದ್ದು ಮಾತ್ರ ಕೇಳಿಸಿತು.

ಮರುದಿನ ಗ್ಲೋರಿಯಾ ಹೋದ ಮೇಲೆ ಹಾಲಿನಿಂದ ಕಟ್ಟಿಗೆಯ ಕುರ್ಚಿ ಎಳೆಯುವ ಕರಕರ ಸದ್ದು ಬಂತು. ಅದು ನನ್ನ ಬಾಗಿಲ ಹತ್ತಿರ ಬಂದು ನಿಂತಿತು. ಯಾರೋ ಅದರ ಮೇಲೆ ಕೂತರು.

"ಯಾರು?"

"ನಾ ಇದ್ದೇನಿ. ನಿನ್ನ ಗಾರ್ಡಿಯನ್" ಅಂದಳು ಅವ್ವ. "ನರ್ಸವ್ವನ್ನ ಕೇಳೇನಿ. ಮಾಸ್ಕ್ ಹಾಕ್ಕೊಂಡು, ಬಾಗಲಾ ಮುಚ್ಚಿ, ಇಲ್ಲಿ ಕುಂದರಬಹುದಂತ. ಉಣ್ಣು. ನೀ ಉಂಡ ಮ್ಯಾಲೇ ಏಳತೇನಿ."

ಅವತ್ತು ತಟ್ಟೆ ಖಾಲಿ ಮಾಡಿದೆ. ಅಳು ಬಂತು, ಕೆಂಪು ಸೆರಗು ಇರಲಿಲ್ಲ, ಅಂಗಿಯ ತೋಳಿಗೇ ಒರೆಸಿಕೊಂಡೆ.

ಕುರ್ಚಿ ಅಲ್ಲೇ ಉಳಿಯಿತು. ಅವ್ವ ಅಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು, ಬೆಟಗೇರಿಯ ತಂಗಿಯ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದಳು, ಬೈಬಲ್ ಓದುತ್ತ ತೂಕಡಿಸಿ ಗೊರಕೆ ಹೊಡೆಯುತ್ತಿದ್ದಳು. ಲಿಡಿಯಾ ಸಂಜೆ ಅವಳ ಕಾಲ ಹತ್ತಿರ ಹೋಮ್‌ವರ್ಕ್ ಮಾಡುತ್ತಿದ್ದಳು. ನಾನು ಈಚೆ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ನಡುವೆ ಒಂದು ಹಲಗೆ ಇದ್ದರೆ ಮಾತು ಸಲೀಸಾಗಿ ಬರುತ್ತದೆ ಅಂತ ಆಗ ಗೊತ್ತಾಯಿತು.

ಆದರೆ ನ್ಯುಮೋನಿಯಾ ಹುಕುಂ ಹಾಗೇ ಇತ್ತಲ್ಲ, ಅದರ ಪರಿಣಾಮ ಶಿವಲೀಲಾ ಆಂಟಿಯ ರೂಪದಲ್ಲಿ ಬಂತು. ಅವರು ಗದಗಿನವರು, ಎರಡು ಬೀದಿ ಆಚೆ ಮನೆ. ನ್ಯುಮೋನಿಯಾ ಅಂಟುವುದಿಲ್ಲ ಅಂತ ತಾವೇ ತೀರ್ಮಾನಿಸಿ, ಜೋಳದ ರೊಟ್ಟಿ, ಎಣಗಾಯಿ ಡಬ್ಬಿ ಹಿಡಿದು, ಗರಾಜಿನ ಬಾಗಿಲು ತೆರೆದಿದ್ದದ್ದು ನೋಡಿ ನೇರ ಒಳಗೇ ಬಂದುಬಿಟ್ಟರು. ಅವ್ವ ಸ್ನಾನಕ್ಕೆ ಹೋಗಿದ್ದಳು. "ಪ್ರಮೀ, ಎಲ್ಲಿದ್ದಿಯವಾ?" ಅನ್ನುತ್ತ ಅವರ ಬಳೆಯ ಸದ್ದು ನನ್ನ ಕೋಣೆಯ ಕಡೆಗೇ ಬಂತು. ಬಾಗಿಲ ಹಿಡಿಕೆ ತಿರುಗಿತು.

ನಾನು ಒಳಗಿಂದ ಗಟ್ಟಿಯಾಗಿ ಹಿಡಿದುಕೊಂಡೆ. "ಆಂಟಿ, ಬರಬ್ಯಾಡ್ರಿ. ನನಗ ಟಿಬಿ ಆಗೇತ್ರಿ."

ಹಿಡಿಕೆ ನಿಂತಿತು. ಬಳೆಗಳೂ ನಿಂತವು. ಆ ಹೆಸರನ್ನು ಊರಿನವರೊಬ್ಬರ ಮುಂದೆ ನಾನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಆಂಟಿ ಡಬ್ಬಿಯನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದರು. ಸ್ನಾನ ಮುಗಿಸಿ ಬಂದ ಅವ್ವ ಡಬ್ಬಿ ನೋಡಿ, ನಾನು ಹೇಳಿದ್ದು ಕೇಳಿ, "ಮುಗೀತು. ಇನ್ನ ಇಡೀ ಮಿಸೌರಿ ಸಿಟಿಗೆ ಡಂಗುರ" ಅಂತ ತಲೆ ಮೇಲೆ ಕೈ ಹೊತ್ತು ಕೂತಳು. ನನಗೆ ಮಾತ್ರ ಎದೆ ಹಗುರಾಗಿತ್ತು. ರೊಟ್ಟಿಯನ್ನೂ ತಿಂದೆ.

ಎರಡು ದಿನ ಯಾರೂ ಬರಲಿಲ್ಲ. ಮೂರನೇ ದಿನ ಹಿತ್ತಲ ಬೇಲಿಯ ಆಚೆ ಶಿವಲೀಲಾ ಆಂಟಿ, ಮುಖಕ್ಕೆ ಒಂದರ ಮೇಲೊಂದು ಎರಡು ಮಾಸ್ಕ್. "ನರ್ಸ್ ಬಂದಾಗ ಹೊರಗ ಕುಂದರತಿಯಂತಲ್ಲ, ಹೊರಗಾದರ ಅಡ್ಡಿಯಿಲ್ಲಂತ ನಮ್ಮ ಸೊಸಿ ಓದಿ ಹೇಳಿದ್ಲು. ಅದಕ್ಕ ಬಂದೆ. ನನ್ನ ಡಬ್ಬಿ ಕೊಡು, ಈ ಡಬ್ಬಿ ತೊಗೋ" ಅಂದರು. ಡಬ್ಬಿಗಳ ವಿನಿಮಯ ಬೇಲಿಯ ಮೇಲೆ ನಡೆಯಿತು. ಹೋಗುವಾಗ, "ನ್ಯುಮೋನಿಯಾ ಅಂತ ಸುಳ್ಳು ಯಾಕ ಹೇಳಬೇಕಿತ್ತವಾ, ನಾ ಏನ್ ಹೊರಗಿನಾಕಿಯೇನು?" ಅಂತ ಅವ್ವನಿಗೆ ಕೇಳುವ ಹಾಗೆ ಬೈದು ಹೋದರು. ಡಂಗುರ ಬಿದ್ದಿದ್ದು ನಿಜ. ಅದರ ಫಲ ಅಂದರೆ ಬೇಲಿಯ ಮೇಲೆ ಡಬ್ಬಿಗಳು ಹೆಚ್ಚಾದವು. ಹೆದರಿ ದೂರ ಉಳಿದವರೂ ಇದ್ದರು, ಇಲ್ಲ ಅನ್ನಲಾರೆ. ಆದರೆ ನನಗೆ ಅವರ ಲೆಕ್ಕ ಇಡಲು ಪುರುಸೊತ್ತಿರಲಿಲ್ಲ.

ಅಷ್ಟರಲ್ಲಿ ಮನೆಯವರ ರಕ್ತಪರೀಕ್ಷೆಯ ಫಲ ಬಂತು. ಲಿಡಿಯಾಗೆ ಏನೂ ಇಲ್ಲ. ಆ ಮಾತು ಕೇಳಿದ ಮೇಲೆ ನಾನು ಮಂಡಿಯೂರಿದವಳು ಬಹಳ ಹೊತ್ತು ಏಳಲಿಲ್ಲ. ಜಯಂತನಿಗೂ ಇಲ್ಲ. ಅವ್ವನ ರಕ್ತದಲ್ಲಿ ಮಾತ್ರ ಗುರುತು ಸಿಕ್ಕಿತು. ಎಕ್ಸ್‌ರೇ ಚೊಕ್ಕ ಇದೆ, ರೋಗವಿಲ್ಲ, ಆದರೆ ರೋಗಾಣು ಎಂದೋ ಒಳಹೊಕ್ಕು ಸದ್ದಿಲ್ಲದೆ ಮಲಗಿರಬಹುದು, ವರ್ಷಗಟ್ಟಲೆ ಹಾಗೇ ಇರಬಲ್ಲದು ಅಂತ ಗ್ಲೋರಿಯಾ ವಿವರಿಸಿದಳು. "ಹಿಂದೆ ಮನೆಯಲ್ಲಿ ಯಾರಿಗಾದರೂ ಇತ್ತಾ?" ಅಂತ ಕೇಳಿದಳು. ಈ ಪ್ರಶ್ನೆಯನ್ನು ಮೊದಲ ದಿನವೂ ಕೇಳಿದ್ದಳು, ಅವ್ವ ಇಲ್ಲ ಅಂದಿದ್ದಳು. ಈಗಲೂ ಇಲ್ಲ ಅಂದಳು.

ಗ್ಲೋರಿಯಾ ಹೋದ ಮೇಲೆ ಅವ್ವ ಕುರ್ಚಿಗೆ ಬಂದು ಕೂತಳು. ಬೆಳ್ಳುಳ್ಳಿಯೂ ಇಲ್ಲ, ಫೋನೂ ಇಲ್ಲ.

"ಪ್ರಮೀ. ನಿಮ್ಮಜ್ಜಿಗೆ ಇದ್ದದ್ದು ದಮ್ಮಲ್ಲ."

ಅಜ್ಜಿ ಅಂದರೆ ನನ್ನ ಅಪ್ಪನ ತಾಯಿ. ನಾನು ಸಣ್ಣವಳಿದ್ದಾಗ ಅಂಗಳದಾಚೆಯ ಖೋಲಿಯಲ್ಲಿ ಇದ್ದಳು, ಕೆಮ್ಮುತ್ತಿದ್ದಳು, ಅಲ್ಲೇ ತೀರಿಕೊಂಡಳು. ದಮ್ಮು, ಅಂದರೆ ಉಬ್ಬಸ, ಅಂತ ನಮಗೆಲ್ಲ ಹೇಳಿದ್ದರು.

"ಕ್ಷಯ ಇತ್ತು ಅಕಿಗೆ. ಹೊರಗ ಗೊತ್ತಾದರ ನಿಮ್ಮಪ್ಪನ ತಂಗ್ಯಾರ ಮದುವಿ ನಿಲ್ಲತಾವ ಅಂತ ಮುಚ್ಚಿಟ್ಟರು. ನಾ ಸೊಸಿ. ತಾಟು ಬಾಗಲದಾಗ ಇಟ್ಟು ತಿರುಗಿ ನೋಡದ ಬರಬೇಕು ಅಂತ ಹೇಳಿದ್ರು, ಹಂಗs ಬರತಿದ್ದೆ. ಮಕ್ಕಳನ್ನ ಆ ಕಡೆ ಬಿಡಬ್ಯಾಡ ಅಂದಿದ್ರು." ಕುರ್ಚಿ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿಯಿತು. "ನೀ ಮಧ್ಯಾಹ್ನದಾಗ ಎಲ್ಲಾರ ಕಣ್ಣು ತಪ್ಪಿಸಿ ಹೋಗಿ ಅಕಿ ಬಾಜೂಕ ಮಲಗತಿದ್ದಿ. ನಾ ಒಂದಲ್ಲ ಹತ್ತು ಸಲ ನೋಡೇನಿ. ಎಳಕೊಂಡು ಬರಬೇಕಿತ್ತು. ಬರಲಿಲ್ಲ. ಅಕಿಗೂ ಯಾರರ ಬೇಕಲ್ಲ ಅನಿಸ್ತು."

ನನಗೆ ನೆನಪಿತ್ತು. ರೋಗದ ನೆನಪಲ್ಲ. ಕೌದಿಯ ವಾಸನೆ, ನನ್ನ ಕೂದಲಲ್ಲಿ ಆಡುತ್ತಿದ್ದ ಅಜ್ಜಿಯ ಬೆರಳು, ಅವಳು ಮೂಗಿನಲ್ಲೇ ಗುನುಗುತ್ತಿದ್ದ ಕೀರ್ತನೆ.

"ಆಫ್ರಿಕಾ ಅಂತ ನಾ ಯಾಕ ಒದರತಿದ್ದೆ ತಿಳೀತಿಲ್ಲ?" ಅಂದಳು ಅವ್ವ. "ಆ ದೇಶದ್ದಲ್ಲ ಅಂದರ ತಪ್ಪು ನಂದs ಆಗತಿತ್ತು."

ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತೋ ಏನೋ, ಹುಡುಕಿದರೂ ಸಿಗಲಿಲ್ಲ. ಬಾಗಿಲಿಗೆ ಅಂಗೈ ಇಟ್ಟು, "ಅವ್ವಾ, ನೀ ಅವತ್ತ ಎಳಕೊಂಡು ಬಂದಿದ್ದರ ಅಜ್ಜಿ ಒಬ್ಬಾಕಿನs ಇರತಿದ್ಲು. ಛಲೋ ಮಾಡಿದಿ" ಅಂದೆ. ಅವ್ವ ಅತ್ತಳು. ಅವಳ ಕಣ್ಣೀರು ಎಲ್ಲರ ಹಾಗೆ ತಿಳಿಯಾಗೇ ಇದ್ದಿರಬೇಕು. ನನ್ನದು ಕಿತ್ತಳೆ.

ಡಾಕ್ಟರನ್ನು ಕೇಳಿದೆ. ಅಜ್ಜಿಯಿಂದ ಬಂದದ್ದಿರಬಹುದು, ಮಲಾವಿಯಲ್ಲಿ ಬಂದದ್ದೂ ಇರಬಹುದು, ನಡುವೆ ಇನ್ನೆಲ್ಲೋ ಇರಬಹುದು, ಯಾರೂ ಆಣೆ ಮಾಡಿ ಹೇಳಲಾರರು ಅಂದರು. ಕಫ ಚೊಕ್ಕವಾದ ದಿನ ಗ್ಲೋರಿಯಾ ತನ್ನ ಮಾಸ್ಕ್ ತೆಗೆದು ನನಗೆ ತನ್ನ ಪೂರ್ತಿ ಮುಖ ತೋರಿಸಿದಳು. ಒಂದು ಹಲ್ಲಿಗೆ ಚಿನ್ನದ ಕಟ್ಟು ಇತ್ತು. ನಾನು ಬಾಗಿಲು ತೆರೆದು ಹೊರಗೆ ಬಂದಾಗ ಲಿಡಿಯಾ ಓಡಿಬಂದು ಸೊಂಟ ಹಿಡಿದುಕೊಂಡಳು, ಊಟದ ತನಕ ಬಿಡಲಿಲ್ಲ.

ಗುಳಿಗೆ ಇನ್ನೂ ತಿಂಗಳುಗಟ್ಟಲೆ ಉಳಿದಿತ್ತು. ಅದು ಮುಗಿಯುತ್ತ ಬಂದಾಗ ಕಮಿಟಿ ಕರೆಯಿತು. ಜಯಂತ, ನಾನು, ಲಿಡಿಯಾ ಕಾರು ಹತ್ತಿದೆವು. ಅವ್ವ ಕೈಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಮೊದಲೇ ಕೂತಿದ್ದಳು. ಡಲ್ಲಾಸ್ ತನಕ ಹೈವೇ ಉದ್ದಕ್ಕೂ ಆ ಚೀಲವನ್ನು ಮಡಿಲಿಂದ ಇಳಿಸಲಿಲ್ಲ.

ಆರಾಧನೆಯ ನಂತರ ಚಹಾ ಕುಡಿದು ದೊಡ್ಡವರು ಹತ್ತು ಮಂದಿ ಉಳಿದರು. ಸಾಮುವೇಲ್ ಅಂಕಲ್ ಕೆಟ್ಟವರಲ್ಲ, ನಮ್ಮ ಮದುವೆಗೆ ಪ್ರಾರ್ಥನೆ ಮಾಡಿದವರು. "ಜಯಂತ್‌ಗ ರೌಂಡ್ ರಾಕ್‌ನ್ಯಾಗ ಕೆಲಸ ಐತಿ. ಮಗಳ ಶಾಲಿ ಇಲ್ಲೈತಿ. ನೀವು ಮಾಡಿದ ಸೇವಾ ದೇವರು ನೋಡ್ಯಾನ. ಮತ್ತ ಆ ಹವಾಕ್ಕ ನಿಮ್ಮನ್ನ ಕಳಿಸಾಕ ನಮಗ ಧೈರ್ಯ ಸಾಲವಲ್ದು" ಅಂದರು. ಜಯಂತ ನನ್ನ ಕಡೆ ನೋಡಿದ. ಅಲ್ಲಿಗೆ ಹೋಗಬೇಕು, ಅದೇ ನಮ್ಮ ಮನೆ ಅಂತ ನಾನು ಹೇಳಿದೆ. "ಖರೆ ಐತವಾ" ಅಂದರು ಅಂಕಲ್. "ಆದರ ಮತ್ತ ಜಡ್ಡು ಬಿದ್ದರ ಅಲ್ಲಿ ನಿನ್ನ ನೋಡಕೊಳ್ಳೋರು ಯಾರು?"

"ನಾ" ಅಂದಳು ಅವ್ವ.

ಎಲ್ಲರೂ ತಿರುಗಿದರು. ಅವಳು ಹಿಂದಿನ ಸಾಲಿನಿಂದ ಎದ್ದು ನಿಂತಿದ್ದಳು. "ಆ ದೇಶದ ಮ್ಯಾಲ ಹಾಕಬ್ಯಾಡ್ರಿ. ಈ ರೋಗ ನಮ್ಮತ್ತಿಗಿತ್ತು. ನಮ್ಮ ಮನಿಯೊಳಗs ಇತ್ತು, ಮುಚ್ಚಿಟ್ಟಿದ್ವಿ. ಇಕಿಗೆ ಎಲ್ಲಿಂದ ಬಂತಂತ ಡಾಕ್ಟರಿಗೇ ಗೊತ್ತಿಲ್ಲ, ನಿಮಗ ಹೆಂಗ ಗೊತ್ತಾಯ್ತು? ಅಲ್ಲಿ ಜಡ್ಡಿನವರ ಕೂಡ ಒಬ್ಬರು ಕುಂದರಬೇಕಂತ ಪದ್ಧತಿ ಐತಿ. ವೀಸಾ ಇರೋ ತನಕ ನಾ ಹೋಗಿ ಕುಂದರತೇನಿ. ಆಮ್ಯಾಲ ಬಾಜೂ ಮನಿಯಾಕಿ ಅದಾಳ. ಫೋನಿನ್ಯಾಗ ನನ್ನs ಬೈದಾಕಿ, ಬಿಡಾಕಿ ಅಲ್ಲಕಿ."

ಚರ್ಚೆ ಮುಗಿಯಿತು ಅಂತ ಹೇಳಲಾರೆ, ಇನ್ನೂ ಎರಡು ಸಲ ಚಹಾ ಆಯಿತು. ಆದರೆ ಅಂಕಲ್ ಕೊನೆಗೆ ಪ್ರಾರ್ಥನೆಗೆ ಎದ್ದಾಗ ಮಲಾವಿಗೆ ಹೋಗುವ ನಾಲ್ವರಿಗಾಗಿ ಬೇಡಿಕೊಂಡರು. ನಾಲ್ವರು ಅನ್ನುವುದನ್ನು ಕೇಳಿ ನಾನು ಕಣ್ಣು ತೆರೆದೆ. ಅವ್ವ ಮುಚ್ಚಿದ ಕಣ್ಣಲ್ಲೇ ತಲೆ ಅಲ್ಲಾಡಿಸುತ್ತಿದ್ದಳು.

ಈಗ ತಗಡಿನ ಮನೆಯಲ್ಲಿದ್ದೇವೆ. ಅವ್ವ ಅಂಗಡಿಗೆ ಹೋಗಿ ಎಲ್ಲರನ್ನೂ ಕನ್ನಡದಲ್ಲೇ ವಿಚಾರಿಸುತ್ತಾಳೆ. ಅವರು ಚಿಚೇವಾದಲ್ಲಿ ಉತ್ತರ ಕೊಡುತ್ತಾರೆ, ಈರುಳ್ಳಿ ಸಿಗುತ್ತದೆ. ಅವ್ವನಿಗಾಗಿ ಲಿಡಿಯಾಳ ಬಾಯಲ್ಲಿ ಕನ್ನಡ ನಾಲ್ಕು ಮಾತು ಹೆಚ್ಚಾಗಿದೆ.

ಹೋದ ವಾರ ಜಿಲ್ಲಾಸ್ಪತ್ರೆಗೆ ಹೋಗಿದ್ದೆವು. ಊರು ಮುಟ್ಟಿದ ಮೇಲೆ ಒಮ್ಮೆ ಎದೆ ತೋರಿಸಿಕೊಳ್ಳಿ ಅಂತ ಹೂಸ್ಟನ್ನಿನ ಡಾಕ್ಟರು ಹೇಳಿದ್ದರು. ಎಕ್ಸ್‌ರೇ ತೆಗೆಸಿಕೊಂಡು ಒಳಗೆ ಹೋದಾಗ ನರ್ಸು ನನ್ನ ಹೆಸರು ಕೇಳಿದಳು. ಆಮೇಲೆ ಗಾರ್ಡಿಯನ್ ಅಂದಳು. ಮುಂದಿನ ಮಾತು ತಿಳಿಯದಿದ್ದರೂ ಆ ಶಬ್ದ ಕೇಳಿದ್ದೇ ಅವ್ವ ಬಾಗಿಲ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದಳು. ಎದೆಯಲ್ಲಿ ಏನೂ ಇಲ್ಲ, ಎಲ್ಲ ಚೊಕ್ಕ ಇದೆ, ಒಳಗೆ ಬರಲಿ ಅಂತ ನರ್ಸು ಕೈ ಮಾಡಿದಳು. ಅವ್ವ ಕುರ್ಚಿಯನ್ನೂ ಎತ್ತಿಕೊಂಡೇ ಒಳಗೆ ಬಂದು, ನನ್ನ ಪಕ್ಕಕ್ಕೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಇಟ್ಟು ಕೂತಳು.

"ನಿಮ್ಮಜ್ಜಿ ಕೂಡ ನಾ ಒಮ್ಮೆನೂ ಹಿಂಗ ಕುಂತಿದ್ದಿಲ್ಲ" ಅಂದಳು.

"ನಾ ಕುಂತಿದ್ದೆನಲ್ಲವಾ" ಅಂದೆ. "ನೀ ನೋಡಿನೂ ಕುಂದರಾಕ ಬಿಟ್ಟಿದ್ದಿ."